ಆಲೆಮನೆಯ ದೆವ್ವ

"ಪೌಡರು ದಂಡ ಮಾಡ್ಬೇಡಿ ಕಣ್ರೋ! ಈ ಮೂತಿಗ್ಯಾಕೆ ಮೇಕಪ್ಪು? ದೇವ್ರೇ ಮಾಡಿ ಕಳ್ಸವ್ನೆ!"

ಶಿವಶಂಕರ್ ನಕ್ಕ. ಸಿನಿಮಾಕ್ಕೆ ದುಡ್ಡು ಹಾಕಿದವನೂ ಅವನೇ, ಹೀರೋನೂ ಅವನೇ, ಪಾಂಡವಪುರದಾಚೆಯ ಈ ಪಾಳು ಆಲೆಮನೆಯ ಒಡೆಯನೂ ಅವನೇ. ಅವನು ನಕ್ಕ ಮೇಲೆ ಯೂನಿಟ್ಟು ನಗದಿದ್ದರೆ ಹೇಗೆ? ನಕ್ಕಿತು.

ಕೇರಿಯ ಯಶೋದಮ್ಮನೇ ಸಿನಿಮಾದ ದೆವ್ವ. ರಕ್ತವೆಂದು ಬೆಲ್ಲದ ಪಾಕಕ್ಕೆ ಕೆಂಪು ಬಣ್ಣ ಕಲಸಿ ತಲೆಯ ಮೇಲೆ ಸುರಿದಿದ್ದರು. ಇದು ಬರೀ ಸಿನಿಮಾ ಎಂದು ನೊಣಗಳಿಗೆ ಯಾರು ಹೇಳಬೇಕು? ಕಣ್ಣು, ಮೂಗು, ತುಟಿಗೆಲ್ಲ ಮುತ್ತಿದ್ದವು.

"ಕೈ ಇಳ್ಸೇ ಯಶೋದಿ! ಒರೆಸ್ಕಂಡೀಯ!"

ಅವಳು ಕೈ ಇಳಿಸಿದಳು. ದೆವ್ವದ ಪಾರ್ಟಿಗೆ ಬರುವುದಿಲ್ಲ ಎಂದಿದ್ದಕ್ಕೆ ಶಿವಶಂಕರ್, "ಅಂಗಾದ್ರೆ ನನ್ ಜಾಗದಲ್ಲಿರೋ ಗುಡ್ಲು ಕಿತ್ಕೊಂಡ್ ಓಗು" ಎಂದಿದ್ದ.

"ಮಗಳು ಸತ್ತಿದ್ದಕ್ಕೆ ಅಳೋ ದೆವ್ವ ನೀನು. ಅಳಮ್ಮ," ಎಂದ ಡೈರೆಕ್ಟರ್ ರಾಹುಲ್. ಬೆಂಗಳೂರಿನವನು, ಊರಿನ ಸುದ್ದಿ ಅರಿಯದವನು.

"ಇವ್ಳ್ ಮಗ್ಳೂ ಸತ್ತವ್ಳೆ ಕಣ್ರಿ," ಶಿವಶಂಕರ್ ಸಿಗರೇಟು ಹಚ್ಚಿದ. "ಚಿನ್ನು ಅಂತ. ಉಲ್ಲು ಕುಯ್ಯಕ್ಕೋಗಿ ಆವು ಕಚ್ತು. ಅವ್ಳನ್ನೇ ನೆನ್ಸ್ಕಳ್ಳಿ, ಪುಕ್ಸಟ್ಟೆ ಅಳು ಬತ್ತದೆ."

"ಒರಿಜಿನಲ್! ಅಮ್ಮಾ, ಹೆಣದ ಮುಂದೆ ಹಾಡ್ಕೊಂಡು ಅಳ್ತೀರಲ್ಲ, ಹಂಗೇ ಬೇಕು. ಆ್ಯಕ್ಷನ್!"

ಯಶೋದಮ್ಮ ಕಾಲು ಚಾಚಿ ನೆಲಕ್ಕೆ ಕೂತಳು. ಚಿನ್ನು ಸತ್ತ ದಿನ ಅವಳನ್ನು ಅಳಲು ಬಿಟ್ಟಿರಲಿಲ್ಲ. ಸೊಲ್ಲು ಹೇಳಿ ಅತ್ತರೆ ನಡೆದದ್ದೆಲ್ಲ ಬಾಯಿಗೆ ಬರುತ್ತದೆಂದು ಶಿವಶಂಕರನ ಆಳುಗಳು ಬಾಯಿಗೆ ಸೆರಗು ತುರುಕಿ ಗುಂಡಿ ಮುಚ್ಚಿಸಿದ್ದರು.

"ಅಯ್ಯೋ ನನ್ ಚಿನ್ನೂ... ಆವು ಅಂದ್ರಲ್ಲವ್ವಾ... ಆವಿನ್ ಅಲ್ಲೊಳ್ಗೆ ಕರೆಂಟಿತ್ತೇನವ್ವಾ... ಕಾಡಂದಿಗೆ ಅಂತ ಶಿವಶಂಕ್ರ ತಂತಿ ಕಟ್ಟಿದ್ನಲ್ಲವ್ವಾ... ನಿನ್ ಅಂಗೈ ಸುಟ್ಟು ಕರಕಾಗಿತ್ತಲ್ಲವ್ವಾ... ಎತ್ಕೊಂಡೋಗಿ ಕಾಲ್ವೆ ಏರಿ ಮೇಲೆ ಎಸುದ್ರಲ್ಲವ್ವಾ..."

"ಸೂಪರ್! ಯಾರೂ ಕಟ್ ಮಾಡ್ಬೇಡಿ!" ರಾಹುಲ್ ಕುಣಿದ. "ಹೀರೋ ಹೆಸ್ರೂ ಸೇರ್ಸಿದ್ಲು ನೋಡಿ!"

"ಆಫ್ ಮಾಡ್ಲಾ ಮೈಕು, ಬೋಳಿಮಗ್ನೆ!" ಶಿವಶಂಕರ್ ವೈರು ಕಿತ್ತೆಸೆದು, ಅವಳ ಎದೆಗೆ ಒದ್ದ. ಯಶೋದಮ್ಮ ಅಂಗಾತ ಬಿದ್ದಳು. ಬಿದ್ದಲ್ಲಿಂದಲೇ ಅತ್ತಳು.

ಶೂಟಿಂಗ್ ನೋಡಲು ಬಂದು ಗೇಟಿನಲ್ಲಿ ನಿಂತಿದ್ದ ಕೇರಿಯ ಹೆಂಗಸರಲ್ಲಿ ಮಂಗಳಮ್ಮ ಮೊದಲು ಕೂತಳು. ಕೇರಿಯಲ್ಲಿ ಯಾರನ್ನೂ ಒಂಟಿಯಾಗಿ ಅಳಲು ಬಿಡುವುದಿಲ್ಲ. ಯಶೋದಮ್ಮನಿಗೆ ಉಸಿರು ಕಟ್ಟಿದಲ್ಲಿ ಇವಳು ಸೊಲ್ಲು ಹಿಡಿದಳು: "ಶಿವಶಂಕ್ರ ತಂತಿ ಕಟ್ಟಿದ್ನಲ್ಲವ್ವಾ..." ಉಳಿದವರೂ ಒಬ್ಬೊಬ್ಬರಾಗಿ ಕೂತು ದನಿಗೂಡಿಸಿದರು.

"ಗೇಟ್ ಹಾಕ್ರಲಾ!" ಶಿವಶಂಕರ್ ಕಿರುಚಿದ.

ಗೇಟಿಗೆ ಅಡ್ಡಲಾಗಿ ಹೆಂಗಸರು ಕೂತಿದ್ದರು.