ಶನಿವಾರದ ಪತ್ರ

"ಕರುಗಳ ಹಾಂಗೆ ಕಟ್ಕಂಡು ಹೊರಟ್ಯಲ್ಲೇ ತಂಗೀ. ಸಮುದ್ರ ಎಂತ ಬಸ್‌ಸ್ಟ್ಯಾಂಡಿಗೇ ಬಂದು ಎಳ್ಕಂಡು ಹೋಗ್ತದಾ?"

ಕುಮಟಾ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕಾಲು ಚಾಚಿ ಎಲೆಯಡಿಕೆಯ ಕವಳ ಜಗಿಯುತ್ತಿದ್ದ ನಾಗಜ್ಜಿಯ ಮಾತಿಗೆ ದೇವಿ ನಕ್ಕಂತೆ ಮಾಡಿದಳು. ತಮ್ಮೂರು ಬಾಡದಲ್ಲಿ ಮನೆಮನೆಗೆ ಮೀನು ಹೊತ್ತು ಮಾರುವ ಈ ಮುದುಕಿಯ ಎದುರು ಸುಮ್ಮನಿದ್ದರೆ ಇನ್ನೊಂದು ಮಾತು ಬರುತ್ತದೆ, ಉತ್ತರ ಕೊಟ್ಟರೆ ಹತ್ತು ಬರುತ್ತವೆ. ಅಲ್ಲದೆ ಅವಳು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ದೇವಿ ತನ್ನ ಸೆರಗಿನ ತುದಿಯನ್ನು ಐದು ವರ್ಷದ ಸಂತೋಷನ ಮುಂಗೈಗೆ ಗಂಟು ಹಾಕಿದ್ದಳು. ಎಂಟರ ಅಂಕಿತಾಳ ಕೈ ಅವಳ ಮುಷ್ಟಿಯೊಳಗಿತ್ತು.

"ರಶ್ ಅದೆ ಅಜ್ಜೀ. ಎಳ್ಳಮಾಸೆ ಅಲ್ದಾ ಇವತ್ತು, ಎಲ್ಲಾ ಸಮುದ್ರ ಮೀಯೂಕೆ ಹೊರಟಿದ್ರು."

"ಇವತ್ತು ರಶ್ಶು. ನಿನ್ನೆ ಎಂತ ಇತ್ತು? ಶಾಲೆಗೆ ಕಳ್ಸು ಅಂತ ಟೀಚರು ನಾಕ್ ಸಲ ನಿನ್ನ ಮೆಟ್ಲು ಹತ್ತಿ ಇಳ್ದ್ರು. ಮಕ್ಕಳು ಉಪ್ಪಿನಕಾಯಿ ಅಲ್ಲ ತಂಗೀ, ಭರಣಿಲಿ ಹಾಕಿ ಬಾಯಿ ಕಟ್ಟೂಕೆ."

"ನಮ್ಮ ಮನೆ ಶಾಲೆ ಬಾರೀ ಕಟ್ಟುನಿಟ್ಟು ಅಜ್ಜೀ," ಎಂದ ದೇವಿಯ ಗಂಡ ರಾಜೀವ, ಮಾತು ತೇಲಿಸಲು. "ಹೆಡ್ಮಾಸ್ತರು ನಂಗೂ ಒಂದ್ಸಲ ಕಿವಿ ಹಿಂಡಿದ್ರು."

ಕಟ್ಟುನಿಟ್ಟಿನ ಶಾಲೆಯೇ ಅದು. ರಾಜೀವ ಬೋಟಿನ ಇಂಜಿನ್ ರಿಪೇರಿಗೆ ಹೊರಟ ಮೇಲೆ, ಎಸ್ಸೆಸ್ಸೆಲ್ಸಿ ಪಾಸಾದ ದೇವಿ ಜಗಲಿಯ ಗೋಡೆಗೆ ಕಪ್ಪು ಬಳಿದ ಜಾಗದಲ್ಲಿ ತಾರೀಖು ಬರೆಯುತ್ತಿದ್ದಳು. ಸಂತೋಷ ಸ್ಟೀಲಿನ ತಟ್ಟೆಗೆ ಸೌಟಿನಿಂದ ಬಡಿದರೆ ಅದೇ ಗಂಟೆ. ಆಮೇಲೆ ಪ್ರಾರ್ಥನೆ, ಮಗ್ಗಿ, ಓದು. ಶನಿವಾರ ಮಾತ್ರ ಪತ್ರಲೇಖನ. ಪತ್ರ ಯಾವಾಗಲೂ ಒಬ್ಬಳಿಗೇ: ಹೊನ್ನಾವರದ ಹಾಸ್ಟೆಲಿನಲ್ಲಿ ಓದುತ್ತಿರುವ ಅಕ್ಕ ಸೌಜನ್ಯಾಳಿಗೆ.

ಸೌಜನ್ಯಾ ಯಾವ ಹಾಸ್ಟೆಲಿನಲ್ಲಿಯೂ ಇರಲಿಲ್ಲ. ಎರಡು ಸಾವಿರದ ಎರಡನೆಯ ಇಸವಿಯ ಮಳೆಗಾಲದಲ್ಲಿ, ಬಸ್ಸಿಳಿದು ಶಾಲೆಗೆಂದು ಹೈವೇ ದಾಟುವಾಗ ಅವಳ ಮೇಲೆ ಲಾರಿ ಹರಿದಿತ್ತು. ಆಗ ಒಂಬತ್ತು ವರ್ಷ. ಚಿಕ್ಕವರಿಬ್ಬರನ್ನು ಅಂದೇ ಹೆಬಳೆಯ ಅಜ್ಜಿಮನೆಗೆ ಸಾಗಿಸಿದ್ದರು. ತಿಂಗಳು ಕಳೆದು ಬಂದ ಮಕ್ಕಳು ಚಪ್ಪಲಿಯನ್ನೂ ಬಿಚ್ಚದೆ "ಅಕ್ಕ ಎಲ್ಲಿ?" ಎಂದಾಗ ದೇವಿಯ ಬಾಯಿಂದ ಬಂದ ಮಾತು ಹೊನ್ನಾವರದ್ದು. ಒಂದು ದಿನದ ಮಟ್ಟಿಗೆಂದು ಆಡಿದ ಸುಳ್ಳಿಗೆ ಎರಡು ವರ್ಷ ತುಂಬಿತ್ತು. ಪ್ರತಿ ಬುಧವಾರ ಅಕ್ಕನ ಉತ್ತರ ಬರುತ್ತಿತ್ತು. ಗುರುತು ಸಿಗದ ಹಾಗೆ ದೇವಿ ಅದನ್ನು ಎಡಗೈಯಲ್ಲಿ ಬರೆಯುತ್ತಿದ್ದಳು.

ಬಸ್ಸು ಬಂದು ನಿಂತಿತು. ಸಂತೋಷ ಬೋರ್ಡಿನತ್ತ ಬೆರಳು ಚಾಚಿದ. ಬೋರ್ಡು ಓದುವುದು ಅವನ ಪಾಠದಲ್ಲಿ ಸೇರಿತ್ತು.

"ಹೊ... ನ್ನಾ... ವ... ರ. ಅಮ್ಮಾ, ಅಕ್ಕನ ಊರಿನ ಬಸ್ಸು."

"ಏ, ಮಾಸ್ತರ್ರು ಬಂದ್ರು, ಜಾಗ ಬಿಡಿ," ಎಂದು ಕಂಡಕ್ಟರು ಅವನನ್ನೆತ್ತಿ ಮೇಲೆ ಹಾಕಿದ. ಸೆರಗಿನ ಜೊತೆಗೆ ದೇವಿಯೂ ಎಳೆಸಿಕೊಂಡೇ ಹತ್ತಬೇಕಾಯಿತು. "ಎಲ್ಲಿಗೆ ಟಿಕೇಟು?"

"ಧಾರೇಶ್ವರ," ಎಂದ ರಾಜೀವ.

"ಅಲ್ಲ, ಹೊನ್ನಾವರ," ಎಂದ ಸಂತೋಷ. "ಅಲ್ಲಿ ನಮ್ಮಕ್ಕ ಓದ್ತದೆ. ನಾ ಪತ್ರ ತಂದಿದ್ದೆ."

"ಹೌದನಾ? ಅಕ್ಕ ಹುಷಾರಿದ್ಯಾ?"

"ಬಾರೀ ಹುಷಾರು. ಎಲ್ಲದಕ್ಕೂ ಉತ್ತರ ಬರೀತದೆ."

ಹಿಂದಿನ ಸೀಟಿನಲ್ಲಿದ್ದ ನಾಗಜ್ಜಿಯ ಬಾಯಿ ಕವಳ ಜಗಿಯುವುದನ್ನು ನಿಲ್ಲಿಸಿತು. ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಅಂಕಿತಾ ತಾಯಿಯ ಮುಖವನ್ನೇ ನೋಡುತ್ತಿದ್ದಳು.

ಧಾರೇಶ್ವರದ ಸಮುದ್ರದಂಡೆಯಲ್ಲಿ ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ಜನ ನೀರಿಗಿಳಿದಿದ್ದರು. ಮುದುಕಿಯರು ಒಬ್ಬರ ಕೈ ಒಬ್ಬರು ಹಿಡಿದು ತೆರೆಗೆ ಬೆನ್ನು ಕೊಟ್ಟು ನಗುತ್ತಿದ್ದರು. ಆಚೆ ಬತ್ತಾಸು, ಬಲೂನು, ಚುರುಮುರಿ. ಸೌಜನ್ಯಾ ಹೋದ ಮೇಲೆ ಮನೆಯವರೆಲ್ಲ ಒಟ್ಟಿಗೆ ಹೊರಬಿದ್ದದ್ದು ಇದೇ ಮೊದಲು. ದೇವಿ ಮೊಣಕಾಲಷ್ಟು ನೀರಿನಲ್ಲಿ ನಿಂತು ಮಕ್ಕಳ ತಲೆಗೆ ಬೊಗಸೆಯಲ್ಲಿ ನೀರು ಹೊಯ್ದಳು. ಸಂತೋಷ ಗಂಟಿನ ಸಮೇತ ಕುಣಿದು ಅವಳನ್ನು ಕುತ್ತಿಗೆಯ ತನಕ ನೆನೆಸಿದ. ರಾಜೀವ ಕಣ್ಣಿಗೆ ಉಪ್ಪುನೀರು ಹೊಕ್ಕು ಏಡಿಯ ಹಾಗೆ ಅಡ್ಡಡ್ಡ ನಡೆದಾಗ ದೇವಿಯೂ ನಕ್ಕಳು. ನಕ್ಕದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಮೈ ಒರೆಸಿದ ಮೇಲೆ ರಾಜೀವ ಚೀಲದಿಂದ ಎಳ್ಳಿನ ಪೊಟ್ಟಣ ತೆಗೆದು ಅವಳತ್ತ ನೋಡಿದ. ಹೋದವರ ಹೆಸರನ್ನು ಗಟ್ಟಿಯಾಗಿ ಹೇಳಿ ಸಮುದ್ರಕ್ಕೆ ಎಳ್ಳು ಬಿಡುವುದು ಅವರ ಮನೆಯ ಪದ್ಧತಿ. ಮನಸ್ಸಿನಲ್ಲಿ ಹೇಳಿದರೆ ತಲುಪುವುದಿಲ್ಲವಂತೆ. ಎರಡು ವರ್ಷ ದೇವಿ ಅದಕ್ಕೆ ಒಪ್ಪಿರಲಿಲ್ಲ, ಮಕ್ಕಳ ಕಿವಿಗೆ ಬಿದ್ದೀತು ಎಂದು. ಈ ಸಲ ಅವನು, "ಆ ಕೂಸಿಗೆ ಒಂದು ಕಾಳು ಎಳ್ಳೂ ಇಲ್ದಾಂಗೆ ಆತಲ್ಲೇ" ಎಂದು ಅತ್ತಿದ್ದ. ಕೊನೆಗೆ ಒಪ್ಪಂದವಾಗಿತ್ತು: ಅವನು ಎಳ್ಳು ಬಿಡುವಾಗ ಅವಳು ಮಕ್ಕಳನ್ನು ಅಂಗಡಿಗಳ ಕಡೆ ಕರೆದೊಯ್ಯಬೇಕು.

"ಬನ್ನಿ, ಬತ್ತಾಸು ತಕಂಬ," ಎಂದಳು ದೇವಿ.

ಅಂಕಿತಾ ಕದಲಲಿಲ್ಲ. "ಅಪ್ಪಾ, ನಂಗೂ ಎಳ್ಳು ಕೊಡು."

"ಅದು ದೊಡ್ಡವ್ರು ಬಿಡೂದು ಮಗಾ. ಅಜ್ಜನ ಹೆಸರಿಗೆ."

"ಅಜ್ಜಂಗಲ್ಲ. ಅಕ್ಕಂಗೆ."

ದೇವಿಯ ಕಣ್ಣು ತಟ್ಟನೆ ನಾಗಜ್ಜಿಯ ಕಡೆ ಹೋಯಿತು. ಒದ್ದೆ ಸೀರೆ ಹಿಂಡುತ್ತಿದ್ದ ಮುದುಕಿ, ನಾನಲ್ಲ ಎಂದು ತಲೆಯಾಡಿಸಿದಳು.

"ಯಾರು ಹೇಳಿದ್ರೇ ನಿಂಗೆ?"

"ಯಾರೂ ಇಲ್ಲ. ನಾನೇ ಓದ್ದೆ. ಟ್ರಂಕಿನಡಿಗೆ ಇತ್ತು, ಅಕ್ಕನ ಹೆಸರಿದ್ದ, ಸೀಲ್ ಹಾಕಿದ ಕಾಗದ. ಕಂಡದ್ದೆಲ್ಲ ಓದ್ಬೇಕು ಅಂತ ನೀನೇ ಹೇಳಿದ್ದಲ್ದಾ."

ದೇವಿಗೆ ದೀಪಾವಳಿಯ ಮುಂಚಿನ ಒಂದು ಬೆಳಿಗ್ಗೆ ನೆನಪಾಯಿತು. ಮರಣ ಅಂದರೆ ಎಂತ ಎಂದು ಹುಡುಗಿ ಕೇಳಿದ್ದಳು. ಯಾವುದೋ ಕತೆಯಲ್ಲಿ ಬಂದಿರಬೇಕೆಂದುಕೊಂಡು ಅರ್ಥ ಹೇಳಿ, ಸ್ವಂತ ವಾಕ್ಯದಲ್ಲಿ ಉಪಯೋಗಿಸು ಎಂದಿದ್ದಳು. 'ಪಕ್ಕದ ಮನೆಯ ಬೆಕ್ಕು ಮರಣ ಹೊಂದಿತು' ಎಂದು ದುಂಡಗೆ ಬರೆದು ತಂದ ವಾಕ್ಯಕ್ಕೆ ಕೆಂಪು ಪೆನ್ನಿನಲ್ಲಿ ರೈಟ್ ಹಾಕಿ, 'ಜಾಣೆ' ಎಂದು ಬರೆದವಳೂ ಅವಳೇ.

"ಮತ್ತೆ... ಶನಿವಾರ ಶನಿವಾರ ಪತ್ರ ಬರೀತಿದ್ಯಲ್ಲೇ?"

"ನೀನು ಉತ್ತರ ಬರೀತಿದ್ಯಲ್ಲ," ಎಂದಳು ಅಂಕಿತಾ. "ನಾ ಬರಿಯೂದು ಬಿಟ್ರೆ ನಿಂಗೆ ಉತ್ತರ ಬರಿಯೂಕೆ ಯಾರೂ ಇಲ್ದೇ ಆಗ್ತಿತ್ತು."

ರಾಜೀವ ಸಮುದ್ರದ ಕಡೆ ಮುಖ ಮಾಡಿ ನಿಂತುಬಿಟ್ಟ. ಸಂತೋಷ ಸೆರಗು ಜಗ್ಗಿದ. ಅವನ ಇನ್ನೊಂದು ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಪತ್ರ ಒದ್ದೆಯಾಗಿ ಮೆತ್ತಗಾಗಿತ್ತು.

"ಅಮ್ಮಾ, ಅಕ್ಕಂಗೆ ಎಳ್ಳು ಎಂತಕೆ? ಹಾಸ್ಟೆಲಲ್ಲಿ ಊಟ ಕೊಡೂದಿಲ್ವಾ?"

ಇನ್ನೊಂದು ಸುಳ್ಳು ದೇವಿಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಅಂಕಿತಾ ಅವಳನ್ನೇ ನೋಡುತ್ತಿದ್ದಳು, ತಾಯಿ ಏನು ಹೇಳಿದರೂ ತಾನೂ ಅದನ್ನೇ ಹೇಳಲು ತಯಾರಾದವಳಂತೆ. ಅದನ್ನು ಕಂಡ ಮೇಲೆ ಸುಳ್ಳು ಹೊರಬರಲಿಲ್ಲ.

"ಅಕ್ಕ ಹಾಸ್ಟೆಲಲ್ಲಿ ಇಲ್ಲ ಮಗಾ."

"ಮತ್ತೆ ಎಲ್ಲಿ?"

ದೇವಿ ಗಂಡನತ್ತ ತಿರುಗಿದಳು. "ಹೆಸರು ಹೇಳಿ," ಎಂದಳು. "ಗಟ್ಟಿಯಾಗಿ ಹೇಳಿ. ಇವಂಗೂ ಕೇಳ್ಲಿ."

ಆಮೇಲೆ ಮರಳಿನ ಮೇಲೆ ಕುಳಿತು ಮಗನ ಕೈಯ ಗಂಟು ಬಿಚ್ಚತೊಡಗಿದಳು. ನೆನೆದ ಗಂಟು ಬಿಗಿದುಕೊಂಡಿತ್ತು. ಉಗುರಿಗೆ ಸಿಗಲಿಲ್ಲ. ಬಗ್ಗಿ ಹಲ್ಲಿನಿಂದ ಕಚ್ಚಿ ಎಳೆದಳು. ಬಾಯೆಲ್ಲ ಉಪ್ಪಾಯಿತು. ಗಂಟು ಬಿಚ್ಚಿತು. ಮುಂಗೈಯ ಸುತ್ತ ಬಿದ್ದ ಕೆಂಪು ಗೆರೆಯನ್ನು ಸಂತೋಷ ಒಮ್ಮೆ ನೋಡಿಕೊಂಡ. ಎಲ್ಲಿಗೂ ಓಡಲಿಲ್ಲ. ಎಳ್ಳಿಗೆ ಅಂಗೈ ಚಾಚಿದ್ದ ಅಂಕಿತಾಳನ್ನು ನೋಡಿ, ಅವಳ ಹಾಗೆಯೇ ತಾನೂ ಅಂಗೈ ಚಾಚಿ ಅಪ್ಪನೆದುರು ನಿಂತ.