ಮೈಕಿನ ಮುಂದೆ ಕದಿರಪ್ಪ

ಬ್ಯಾಂಡಿನ ಹಾಡುಗಾರ್ತಿ ರೆಹಾನಾಳ ಹಾಡು ಅರ್ಧಕ್ಕೇ ನಿಂತಿತು. ಅದರ ಹಿಂದೆಯೇ ಹೋಟೆಲಿನ ಡ್ಯಾನ್ಸ್ ಹಾಲ್ ತುಂಬ ಕೇಳಿಸಿದ್ದು ಅವಳು ಕಪಾಳಕ್ಕೆ ಬಿಗಿದ ಏಟು. ವೇದಿಕೆಯ ಅಂಚಿನಲ್ಲಿ ನಿಂತಿದ್ದ ಕಂಟ್ರಾಕ್ಟರ್ ವೆಂಕಟರಾಮಯ್ಯನವರ ಕನ್ನಡಕ ನೆಲಕ್ಕೆ ಬಿತ್ತು.

ಅದು ಭಾನುವಾರ ಮಧ್ಯಾಹ್ನದ ಡ್ಯಾನ್ಸು. ಬೆಂಗಳೂರು ದಂಡಿನಿಂದ, ಜಾಲಹಳ್ಳಿಯ ಕ್ವಾರ್ಟರ್ಸಿನಿಂದ ಜೋಡಿಗಳು ಬಂದು ಹಾಲ್ ತುಂಬಿತ್ತು. ಹೋಟೆಲಿನ ಮಾಲೀಕ ಕದಿರಪ್ಪನನ್ನು ಹೆಬ್ಬಾಳದಲ್ಲಿ ಅರಿಯದವರಿರಲಿಲ್ಲ. ಅಪ್ಪನ ದ್ರಾಕ್ಷಿ ತೋಟ ಕೀಳಿಸಿ, ಬಳ್ಳಾರಿ ರಸ್ತೆಗೆ ಮುಖಮಾಡಿ ಎರಡಂತಸ್ತು ಎಬ್ಬಿಸಿ, ಒಳಗೆ ಬಾರು, ಬ್ಯಾಂಡು, ಕುಣಿಯಲು ನುಣ್ಣನೆಯ ಮರದ ನೆಲ ಮಾಡಿಸಿದವನು. ಗಿಳಿಹಸುರು ರೇಷ್ಮೆ ಕೋಟು ತೊಟ್ಟು, ಟಾಪಿಲ್ಲದ ಕೆಂಪು ಕಾರಿನಲ್ಲಿ ಸಂತೆಗೂ ಹೋಗುತ್ತಿದ್ದ. ಬಾರಿನ ಲೈಸೆನ್ಸು ಮಾತ್ರ ವೆಂಕಟರಾಮಯ್ಯನವರು ದೊಡ್ಡವರಿಗೆ ಹೇಳಿ ಕೊಡಿಸಿದ್ದು.

ಅವರೀಗ ಕದಿರಪ್ಪನ ಕೋಣೆಯಲ್ಲಿ ಕೂತು, ಕೆನ್ನೆ ಸವರಿಕೊಳ್ಳುತ್ತ, ದನಿ ಏರಿಸದೆ ಹೇಳಿದರು. ರೆಹಾನಾ ಅದೇ ಮೈಕಿನಲ್ಲಿ, ಎಲ್ಲರ ಮುಂದೆ ಕ್ಷಮೆ ಕೇಳಬೇಕು. ಇಲ್ಲದಿದ್ದರೆ ಮುಂದಿನ ಭಾನುವಾರ ಈ ಬಾರು ಇರುವುದಿಲ್ಲ. ಹತ್ತು ನಿಮಿಷ ಕೊಟ್ಟರು.

ವೇದಿಕೆಯ ಹಿಂದಿನ ಕೋಣೆಯಲ್ಲಿ ರೆಹಾನಾ ನಿಂತೇ ಇದ್ದಳು. ಕದಿರಪ್ಪ ಅವಳಿಗೆ ಮೂವತ್ತು ಜನರ ಅನ್ನದ ಮಾತು ಹೇಳಿದ. ಒಂದೇ ಒಂದು ಮಾತು, ಆಮೇಲೆ ಮರೆತುಬಿಡು ಎಂದ.

"ಸೊಂಟಕ್ಕೆ ಕೈ ಹಾಕಿದ್ರು ಸಾಹೇಬ್ರೇ. ನೀವೂ ನೋಡಿದ್ರಿ."

"ನಾನೆಲ್ಲಿ ನೋಡ್ದೆ? ಬಾರ್ ಅತ್ರ ಇದ್ದೆ."

"ನೋಡಿ ಆ ಕಡೆ ತಿರುಗ್ಕೊಂಡ್ರಿ. ನನಗೆ ಕಾಣ್ತಿತ್ತು."

ನನ್ನ ದುಡಿಮೆ ನಂಬಿಕೊಂಡು ಮನೆಯಲ್ಲಿ ಅಮ್ಮಿ ಇದ್ದಾರೆ, ನೀವು ಹೇಳಿದರೆ ಕ್ಷಮೆ ಕೇಳುತ್ತೇನೆ ಎಂದು ಅವಳೇ ಬಾಗಿಲಿನತ್ತ ಹೊರಟಳು. ಅವನು ಅಡ್ಡ ನಿಂತ. "ಇಲ್ಲೇ ಇರವ್ವ," ಎಂದು ತಾನೇ ವೇದಿಕೆ ಹತ್ತಿದ.

ಅವನು ಮೈಕ್ ಹಿಡಿದರೆ ತಮಾಷೆ ಇದ್ದದ್ದೇ. ಜನ ನಗುವುದಕ್ಕೆ ಕಾದರು. ವೆಂಕಟರಾಮಯ್ಯನವರೂ ಬಂದು ಮುಂದಿನ ಮೇಜಿನಲ್ಲಿ ಕೂತರು.

"ಈ ಯಜಮಾನ್ರು ಆ ಎಣ್ಮಗಳ ಮೈ ಮುಟ್ಟಿದ್ರು," ಎಂದ ಕದಿರಪ್ಪ. "ನಾನು ನೋಡ್ದೆ. ನೋಡಿ ಸುಮ್ಕಿದ್ದೆ." ಪಕ್ಕದ ಬಾಗಿಲಿನತ್ತ ತಿರುಗಿದ. "ತಪ್ಪಾಯ್ತು ಕಣವ್ವ, ರೆಹಾನಾ."

ಯಾರೂ ನಗಲಿಲ್ಲ. ವೆಂಕಟರಾಮಯ್ಯನವರು ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು. ಎರಡು ಜೋಡಿಗಳು ಅವರ ಹಿಂದೆಯೇ ಹೋದವು.

ಗುರುವಾರ ಬೆಳಿಗ್ಗೆ ಲೈಸೆನ್ಸು ರದ್ದಾದ ಕಾಗದ ಬಂತು. ಕದಿರಪ್ಪ ಅದನ್ನು ಎರಡು ಸಲ ಓದಿ ಜೇಬಿಗೆ ತುರುಕಿಕೊಂಡ. ಅಡುಗೆಮನೆ ನಿಲ್ಲುವುದಿಲ್ಲ, ನಾಳೆಯಿಂದ ಊಟ ತಿಂಡಿ ಮಾತ್ರ ಎಂದು ಕೆಲಸದವರಿಗೆ ಹೇಳಿದ. ಬ್ಯಾಂಡಿನವರಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಆಮೇಲೆ ಏಣಿ ತರಿಸಿ, ಬೂಟುಗಾಲಿನಲ್ಲೇ ಹತ್ತಿ, ಬಾರಿನ ಬೋರ್ಡಿನ ಸುತ್ತಲಿನ ಬಣ್ಣದ ಬಲ್ಬುಗಳನ್ನು ಬಿಚ್ಚತೊಡಗಿದ.

ರೆಹಾನಾ ಬಂದು ಕೆಳಗೆ ನಿಂತಳು. ಅವನು ಬಗ್ಗಿ ಕೊಟ್ಟ ಒಂದೊಂದು ಬಲ್ಬನ್ನೂ ಹಳೆಯ ಪೇಪರಿನಲ್ಲಿ ಸುತ್ತಿ ಜಗಲಿಯ ಮೇಲೆ ಇಡುತ್ತ ಹೋದಳು. ಚಿಕ್ಕಜಾಲದ ಬಸ್ಸು ರಸ್ತೆಯಲ್ಲಿ ಭರ್ರನೆ ಹಾದು ಹೋದಾಗ ಏಣಿ ಅದುರಿತು. ಅವಳು ಪೇಪರು ಬಿಟ್ಟು ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದಳು.