ಹೆಗಲ ಮೇಲಿನ ಕೈ

ಕುಂಕುಮವೇ ಇರಬೇಕು, ಮೊನ್ನೆಯ ಪೂಜೆಯದ್ದು, ಎಂದುಕೊಂಡು ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಚಿದಂಬರ ಪರದೆಯ ಬಲಮೂಲೆಯ ಆ ಕೆಂಪು ಚುಕ್ಕೆಯನ್ನು ಕರವಸ್ತ್ರದ ತುದಿಯಿಂದ ಒರೆಸಿದ, ಹೋಗಲಿಲ್ಲ, ಬಾಯಿಯ ಆವಿ ಹಿಡಿಸಿ ಮತ್ತೆ ಒರೆಸಿದ, ಆಗಲೂ ಹೋಗಲಿಲ್ಲ — ಗಾಜಿನ ಮೇಲಿದ್ದರೆ ತಾನೇ ಹೋಗುವುದು, ಅದು ಚಿತ್ರದೊಳಗಿದೆ, ಒಂದು ಉಂಗುರಬೆರಳಿನ ತುದಿಯಲ್ಲಿದೆ, ಆ ಬೆರಳಿನ ಪಕ್ಕದಲ್ಲಿ ನಡುಗೆಣ್ಣಿನಲ್ಲಿ ಮುರಿದು ಹೊರಕ್ಕೆ ತಿರುಗಿಕೊಂಡ ಕಿರುಬೆರಳು, ಐದೂ ಬೆರಳು ಅನುಸೂಯಮ್ಮನ ಹೆಗಲ ಮೇಲೆ, ಮಣಿಕಟ್ಟಿನಾಚೆಗೆ ಏನೂ ಇಲ್ಲ, ಚಿತ್ರ ಅಲ್ಲಿಗೆ ಮುಗಿಯುತ್ತದೆ. ಮುಗಿಸಿದವನು ತಾನೇ, ಮಂಗಳವಾರ ಸಂಜೆ ಇದೇ ಕುರ್ಚಿಯಲ್ಲಿ ಕುಳಿತು ಆ ಮಣಿಕಟ್ಟಿನ ಮೇಲೆ ಗೆರೆ ಎಳೆದು ಆಚೆಗಿನದನ್ನು ಅಳಿಸಿದವನು. ಆಚೆಗೆ ಪ್ರತಿಮಾ ಇದ್ದಳು, ಆಸ್ಪತ್ರೆಯ ಲ್ಯಾಬಿನವಳು, ಆಯುಧಪೂಜೆ ಮುಗಿದು ಎಲ್ಲರೂ ಫೋಟೋಗೆ ಸಾಲುಗಟ್ಟುವಾಗ ಅವಳು ಬಂದಿರಲಿಲ್ಲ, ನನ್ನ ಫೋಟೋ ಎಲ್ಲೂ ಬರಬಾರದು ಸರ್ ಎಂದು ಲ್ಯಾಬಿನ ಬಾಗಿಲಿಗೇ ಅಂಟಿಕೊಂಡಿದ್ದಳು, ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತಿದ್ದ ಹಿರಿಯ ನರ್ಸ್ ಅನುಸೂಯಮ್ಮ ಕತ್ತು ತಿರುಗಿಸಿ, ಬಾರೇ, ಬರೋ ತಿಂಗ್ಳು ರಿಟೈರ್ ಆಗ್ತೀನಿ, ಇದು ನನ್ನ ಕೊನೇ ಪೂಜೆ ಕಣೇ, ನನ್ನ ಹಿಂದೆ ನೀನ್ ನಿಂತ್ಕೊಳ್ದೆ ಇನ್ಯಾರು ನಿಂತ್ಕೋತಾರೆ ಎಂದರು, ಆದರೂ ಅವಳು ಅಲುಗಲಿಲ್ಲ, ಅಲುಗಿದ್ದು ತನ್ನ ಮಾತಿಗೆ — ಬನ್ನಿ ಪ್ರತಿಮಾ, ಸುಮ್ನೆ ನಿಂತ್ಕೊಳ್ಳಿ, ಹೊರಗೆ ಹೋಗೋ ಫೋಟೋದಲ್ಲಿ ನಿಮ್ಮನ್ನ ಕತ್ತರಿಸಿ ಹಾಕ್ತೀನಿ, ಅದು ನನ್ನ ಜವಾಬ್ದಾರಿ. ಜವಾಬ್ದಾರಿ ಎಂಬ ಮಾತನ್ನು ಎಷ್ಟು ಸಲೀಸಾಗಿ ಆಡಿದ, ವಿಭೂತಿ ಹಚ್ಚಿದ ಹಣೆ ಹೊತ್ತುಕೊಂಡು, ನಗುತ್ತ. ಅವಳು ಬಂದು ನಿಂತಳು, ಅನುಸೂಯಮ್ಮನ ಹೆಗಲ ಮೇಲೆ ಬಲಗೈ ಇಟ್ಟಳು, ಸೂಕ್ಷ್ಮದರ್ಶಕಕ್ಕೆ ಕುಂಕುಮ ಇಟ್ಟ ಬೆರಳನ್ನು ಒರೆಸಿಕೊಳ್ಳದೆ.

ಇದೆಲ್ಲ ಹುಟ್ಟಿದ್ದು ಅಧ್ಯಕ್ಷ ಷಡಕ್ಷರಪ್ಪನವರ ತಲೆಯಲ್ಲಿ, ನೋಡ್ರೀ ಚಿದಂಬರ, ಒಬ್ಬೊಬ್ಬರ ಕಂಪ್ಯೂಟರ್‌ನಲ್ಲಿ ಒಂದೊಂದು ಬೊಂಬೆ, ಒಬ್ಬ ಸಿನಿಮಾದವನನ್ನ ಹಾಕ್ಕೊಂಡವ್ನೆ, ಇನ್ನೊಬ್ಬಳದು ಬೆಕ್ಕಿನ ಮರಿ, ರೋಗಿಗಳು ನೋಡಿದ್ರೆ ಏನಂದ್ಕೊಂಡಾರು, ನಾವೆಲ್ಲ ಒಂದೇ ಮನೆಯೋರು ಅಂತ ಕಾಣ್ಬೇಕು, ಪೂಜೆ ಫೋಟೋನೇ ಎಲ್ಲಾ ಕಡೆ ಬರಲಿ — ಎಲ್ಲಾ ಕಡೆ ಎಂದರೆ ಅರಸೀಕೆರೆಯ ಈ ಆಸ್ಪತ್ರೆ, ಬೇಲೂರು, ಹಳೇಬೀಡು, ಅರೇಹಳ್ಳಿಯ ಮೂರು ಚಿಕಿತ್ಸಾಲಯ, ಒಟ್ಟು ಅರವತ್ತನಾಲ್ಕು ಕಂಪ್ಯೂಟರು, ಒಂದೊಂದರ ಮುಂದೆಯೂ ಹೋಗಿ ಕೂರಬೇಕಾಗಿಲ್ಲ, ಸರ್ವರಿನಲ್ಲಿ ಒಂದು ಕಡೆ ಚಿತ್ರ ಇಟ್ಟು ಒಂದು ಆಜ್ಞೆ ಬರೆದರೆ ಸಾಕು, ಬೆಳಿಗ್ಗೆ ಯಂತ್ರ ತೆರೆದುಕೊಂಡ ಕೂಡಲೇ ಆಜ್ಞೆ ಓದಿ, ಚಿತ್ರ ತಂದು, ತನ್ನ ಮುಖಕ್ಕೆ ತಾನೇ ಹಚ್ಚಿಕೊಳ್ಳುತ್ತದೆ, ಎದುರು ಕೂತವರು ಬದಲಿಸಲು ಹೋದರೆ ಬದಲಾಗುವುದಿಲ್ಲ. ಆ ವಿದ್ಯೆಯ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಮಂಗಳವಾರ ಐದು ಗಂಟೆಗೆ ಹೆಂಡತಿಯ ಮೂರನೆಯ ಫೋನು, ಬೈಕ್ ತೊಳೆದು ಹೂವು ಹಾಕಿ ಕಾಯ್ತಿದೀವಿ, ನಿಂಬೆಹಣ್ಣು ಇಟ್ಟಾಯ್ತು, ಕುಂಬಳಕಾಯಿ ಒಡೆಯೋರು ನೀವೇ ತಾನೆ, ಬಂದೆ, ಬಂದೆ ಎನ್ನುತ್ತಲೇ ಅವನು ಪ್ರತಿಮಾಳ ಮುಖ ತೆಗೆದ, ಸೀರೆ ತೆಗೆದ, ತೋಳು ತೆಗೆದ, ಕೈ ಉಳಿಯಿತು, ಕೈ ತೆಗೆಯಬೇಕಾದರೆ ಅನುಸೂಯಮ್ಮನ ಹೆಗಲನ್ನೂ ತೆಗೆಯಬೇಕು, ಇಲ್ಲವೇ ಬೆರಳಿನ ಮೇಲೆ ಬೆರಳಿನಷ್ಟೇ ಸೀರೆಯ ಬಣ್ಣ ಹಚ್ಚುತ್ತ ಅರ್ಧ ಗಂಟೆ ಕೂರಬೇಕು — ಹಚ್ಚಲು ತೊಡಗಿದ್ದೂ ನಿಜ, ಹೆಗಲು ಮಸಿ ಬಳಿದ ಹಾಗಾಯಿತು, ಬಿಟ್ಟ. ಕೈ ಯಾರು ನೋಡುತ್ತಾರೆ. ಹಾಗೆಂದುಕೊಂಡದ್ದು ನೆನಪಿದೆ, ಅಕ್ಷರಶಃ ನೆನಪಿದೆ, ಯಾಕೆಂದರೆ ಆ ಮಾತಿನ ಬೆನ್ನಿಗೇ ಅನುಸೂಯಮ್ಮ ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ಹೇಳಿದ್ದೂ ನೆನಪಾಗಿತ್ತು, ಆ ಬೆರಳು ಹಂಗ್ಯಾಕಾಗೈತೆ ಗೊತ್ತಾ ನಿಮ್ಗೆ, ಬಾಗ್ಲು ಸಂದೀಗಿಟ್ಟು ಒತ್ತಿದಾನೆ ಅವಳ ಗಂಡ, ತವರಿಗೆ ಫೋನ್ ಮಾಡಿದ್ಲು ಅಂತ, ಬಿಕ್ಕೋಡ್ ಕಡೆ ಕಾಫಿ ತೋಟದಲ್ಲಿ ಲೆಕ್ಕ ಬರೆಯೋ ರೈಟರಂತೆ, ಓದ್ಕೊಂಡೋನು, ಎರಡು ವರ್ಷದಿಂದ ಹುಡುಕ್ತಾನೇ ಇದಾನೆ, ಮಂಗಳೂರ್ ಕಡೆ ಹೋಗವ್ಳೆ ಅಂತ ಯಾರೋ ಹೇಳಿರೋದಕ್ಕೆ ಅವಳು ಉಳ್ಕೊಂಡವ್ಳೆ. ನೆನಪಾಯಿತು, ಆದರೂ ಆಜ್ಞೆ ಬರೆದ, ಬೀಗ ಹಾಕಿದ, ಮನೆಗೆ ಹೋಗಿ ಕುಂಬಳಕಾಯಿ ಒಡೆದ.

ನಿನ್ನೆ ವಿಜಯದಶಮಿಯ ರಜೆ, ಹಾಗಾಗಿ ಇಂದು ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅರವತ್ತನಾಲ್ಕೂ ಒಟ್ಟಿಗೆ ಕಣ್ಣು ತೆರೆದವು, ಒಂಬತ್ತೂ ಹತ್ತಕ್ಕೆ ಹಳೇಬೀಡಿನ ಗಂಗಯ್ಯನ ಫೋನು, ಔಷಧಿ ಕೊಡುವ ಗಂಗಯ್ಯ, ಪೂಜೆಗೆಂದು ಬಂದು ಫೋಟೋದ ಇನ್ನೊಂದು ತುದಿಯಲ್ಲಿ ನಿಂತಿದ್ದವನು, ಸಾರ್, ಫೋಟೋ ಬೋ ಸಂದಾಗೈತೆ, ನಾನೊಬ್ಬ ಕಣ್ಮುಚ್ಚಿವ್ನಿ ಅಷ್ಟೇಯ, ಅದ್ಸರಿ, ಅನುಸೂಯಮ್ಮೋರ ಹೆಗಲ್ ಮ್ಯಾಲೆ ಯಾರ್ದೋ ಕೈ ಕುಂತೈತಲ್ಲ, ಆಸಾಮೀನೇ ಇಲ್ಲ, ನಿಮ್ಮ ಅರಸೀಕೆರೇಲಿ ದೆವ್ವಕ್ಕೂ ಕೆಲ್ಸ ಕೊಡ್ತಾರಾ ಸಾರ್ ಎಂದ, ಚಿದಂಬರ ನಕ್ಕ, ಹೂಂ, ಸಂಬಳ ಇಲ್ಲದೆ ದುಡಿಯುತ್ತೆ ಎಂದೂ ಅಂದ, ಅದನ್ನೂ ಅಂದ, ಫೋನು ಇಟ್ಟ ಮೇಲೂ ನಗು ಒಂದು ಗಳಿಗೆ ಮುಖದ ಮೇಲೇ ಇತ್ತು. ಕೈ ಯಾರು ನೋಡುತ್ತಾರೆ — ಎಲ್ಲರೂ ನೋಡುತ್ತಿದ್ದಾರೆ, ಬೇರೇನನ್ನೂ ನೋಡುತ್ತಿಲ್ಲ, ಇಪ್ಪತ್ತೆಂಟು ಮುಖ ಬಿಟ್ಟು ಮುಖವಿಲ್ಲದ ಆ ಒಂದನ್ನೇ ನೋಡುತ್ತಿದ್ದಾರೆ, ಅವಳನ್ನು ಇಡಿಯಾಗಿ ಬಿಟ್ಟಿದ್ದರೆ ಇಪ್ಪತ್ತೊಂಬತ್ತರಲ್ಲಿ ಒಬ್ಬಳಾಗಿ ಕಳೆದುಹೋಗುತ್ತಿದ್ದಳೋ ಏನೋ. ತಲೆಯೆತ್ತಿದಾಗ ಬಾಗಿಲಲ್ಲಿ ಅವಳೇ ನಿಂತಿದ್ದಳು, ಬೆಳ್ಳಗಿನ ಕೋಟು, ಬಲಗೈ ಕೋಟಿನ ಜೇಬಿನಲ್ಲಿ, ದನಿ ಏರಿಸಲಿಲ್ಲ, ಸರ್, ಕೈ ಹಂಗೇ ಇದೆ. ಅವನು ಏನೋ ಅಂದ, ಮುಖ ಇಲ್ಲವಲ್ಲ, ಯಾರಿಗೂ ಗೊತ್ತಾಗಲ್ಲ ಎಂದಿರಬೇಕು. ಬೇರೆಯೋರಿಗೆ ಗೊತ್ತಾಗಲ್ಲ ಸರ್, ಅವನಿಗೆ ಗೊತ್ತಾಗುತ್ತೆ, ಇದನ್ನ ಹಿಂಗೆ ಮಾಡಿದೋನು ಅವನು, ಕಟ್ಟು ಬಿಚ್ಚೋ ದಿನ ಡಾಕ್ಟ್ರ ಹತ್ರ ಕರ್ಕೊಂಡ್ ಹೋದೋನೂ ಅವನೇ, ನೆಟ್ಟಗಾಗಲ್ಲ ಅಂದಾಗ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡ್ದ. ಅವನೆಲ್ಲಿ ಇದನ್ನ ನೋಡ್ತಾನೆ ಪ್ರತಿಮಾ, ತೋಟದಲ್ಲಿರೋನು. ಇವತ್ತು ಗುರುವಾರ ಸರ್ ಎಂದಳು ಅವಳು, ಗುರುವಾರ ಗುರುವಾರ ತೋಟದ ಆಳುಗಳನ್ನ ಜೀಪಲ್ಲಿ ಬೇಲೂರು ಕ್ಲಿನಿಕ್ಕಿಗೆ ಕರ್ಕೊಂಡ್ ಬರ್ತಾನೆ, ಅವರ ರಕ್ತ ಮಧ್ಯಾಹ್ನದ ಬಸ್ಸಲ್ಲಿ ನನ್ನ ಹತ್ರಾನೇ ಬರುತ್ತೆ, ಚೀಟಿ ಮೇಲೆ ಕರೆತಂದವರು ಅನ್ನೋ ಕಡೆ ಚನ್ನೇಶ್ ಅಂತ ಸಹಿ ಇರುತ್ತೆ, ಎಂಟು ತಿಂಗಳಿಂದ ನೋಡ್ತಿದೀನಿ, ವರದಿಗೆ ನಾನು ಸಹಿ ಹಾಕಲ್ಲ, ಅನುಸೂಯಮ್ಮ ಬೇರೆಯೋರ ಹತ್ರ ಹಾಕಿಸ್ತಾರೆ. ಎಂಟು ತಿಂಗಳು, ವಾರಕ್ಕೊಮ್ಮೆ ಆ ಸಹಿಯನ್ನು ಮುಟ್ಟಿ, ಬದಿಗಿಟ್ಟು, ಆ ಆಳುಗಳ ರಕ್ತವನ್ನು ಗಾಜಿನ ಮೇಲೆ ಹರಡಿ ಕಣ್ಣಿಟ್ಟು ನೋಡಿದ್ದಾಳೆ, ತಾನು ಬೆರಳಷ್ಟು ಸೀರೆಯ ಬಣ್ಣ ಹಚ್ಚಲು ಬೇಸರಪಟ್ಟ.

ಐದು ನಿಮಿಷ ಕೊಡಿ, ಹೋಗಿ ಕೆಲಸ ನೋಡ್ತಿರಿ ಎಂದು ಅವಳನ್ನು ಕಳಿಸಿದ, ಐದು ನಿಮಿಷವೂ ಹಿಡಿಯಲಿಲ್ಲ, ಪೂಜೆಯ ಚಿತ್ರ ತೆಗೆದು ಅದೇ ಜಾಗದಲ್ಲಿ, ಅದೇ ಹೆಸರಿನಲ್ಲಿ ಬರಿಯ ನೀಲಿ ಬಣ್ಣವೊಂದನ್ನು ಇಟ್ಟ, ಮುಗಿಯಿತು, ತನ್ನ ಯಂತ್ರವನ್ನು ಮುಚ್ಚಿ ತೆರೆದ, ಅದೇ ವಿಭೂತಿ, ಅದೇ ಚೆಂಡುಹೂವು, ಅದೇ ಹೆಗಲು, ಅದೇ ಕೈ, ಮತ್ತೆ ಮುಚ್ಚಿ ತೆರೆದ, ಕೈ. ಯಾಕೆ, ಯಾಕೆ, ಎನ್ನುವಾಗಲೇ ಹೊಳೆಯಿತು — ಹೆಸರು ಬದಲಾಗದಿದ್ದರೆ ಯಂತ್ರ ಹೊಸ ಚಿತ್ರ ತರಲು ಹೋಗುವುದೇ ಇಲ್ಲ, ಇದು ನನ್ನ ಬಳಿ ಇದೆಯಲ್ಲ ಎಂದುಕೊಂಡು ಒಮ್ಮೆ ತಂದು ಇಟ್ಟುಕೊಂಡದ್ದನ್ನೇ ಹಚ್ಚಿಕೊಳ್ಳುತ್ತದೆ, ಈ ಕೆಲಸದಲ್ಲಿ ಮೊದಲ ವರ್ಷದವನೂ ಮಾಡದ ತಪ್ಪು, ಹನ್ನೊಂದು ವರ್ಷ ದುಡಿದವನು ಗಾಬರಿಯಲ್ಲಿ ಮಾಡಿದ. ಹೆಸರು ಬದಲಿಸಿದ, ಆಜ್ಞೆ ತಿದ್ದಿದ, ಆದರೆ ಯಂತ್ರಗಳು ಆಜ್ಞೆ ಕೇಳುವುದು ಒಂದೂವರೆ ಗಂಟೆಗೊಮ್ಮೆ, ಈಗಲೇ ಬೇಕೆಂದರೆ ಮುಚ್ಚಿ ತೆರೆಯಬೇಕು, ಎದ್ದ, ಓಡಿದ, ಹೊರರೋಗಿಗಳ ವಿಭಾಗ, ಔಷಧಿ ಕೋಣೆ, ಎಕ್ಸರೇ, ಮುಚ್ಚಿ ತೆರೀರಿ, ಮುಚ್ಚಿ ತೆರೀರಿ, ಒಂದೊಂದರ ಮೇಲೂ ಕೈ ಮಾಯವಾಗಿ ನೀಲಿ ಹರಡಿತು, ಫೋನಿನಲ್ಲಿ ಅರೇಹಳ್ಳಿ ಆಯಿತು, ಹಳೇಬೀಡು ಆಯಿತು, ಯಾಕ್ಸಾರ್, ದೆವ್ವ ರಾಜೀನಾಮೆ ಕೊಡ್ತಾ ಎಂದ ಗಂಗಯ್ಯನ ಫೋನು ಕಟ್ ಮಾಡಿದ. ಬೇಲೂರು. ಬೇಲೂರಿನ ಹೆಸರಿನ ಮುಂದೆ ಸರ್ವರು ಕೆಂಪು ತೋರಿಸುತ್ತಿದೆ, ಒಂಬತ್ತು ಮುಕ್ಕಾಲಿಗೆ ಸಂಪರ್ಕ ಕಡಿದಿದೆ, ಇಲ್ಲಿಂದ ಏನು ಹೇಳಿದರೂ ಅಲ್ಲಿಗೆ ತಲುಪದು. ಅಲ್ಲಿ ಕೌಂಟರಿಗೆ ಎರಡು ಪರದೆ, ಒಂದು ಒಳಗೆ ಕೂತ ಮೇಧಿನಿಯ ಕಡೆಗೆ, ಇನ್ನೊಂದು ಬೆಂಚಿನ ಮೇಲೆ ಕೂತ ಜನರ ಕಡೆಗೆ, ಟೋಕನ್ ಸಂಖ್ಯೆ ಕಾಣಲೆಂದು ತಾನೇ ಗೋಡೆಗೆ ಹೊಡೆಸಿದ ದೊಡ್ಡದು, ಸಂಪರ್ಕ ಇಲ್ಲದಿದ್ದರೆ ಟೋಕನ್ ಕಾಣುವುದಿಲ್ಲ, ಟೋಕನ್ ಕಾಣದಿದ್ದರೆ ಅಲ್ಲಿ ಉಳಿಯುವುದು ಬರೀ ಚಿತ್ರ, ಕೆಲಸವಿಲ್ಲದೆ ಕೂತ ಜನಕ್ಕೆ ನೋಡಲು ಇರುವುದು ಅದೊಂದೇ, ಗೋಡೆಯ ಮೇಲೆ ಅಷ್ಟಗಲದ ಕೈ. ಫೋನು ಹಚ್ಚಿದ, ಬಿಡುವಿಲ್ಲ, ಹಚ್ಚಿದ, ಬಿಡುವಿಲ್ಲ, ಹಚ್ಚಿದ, ರಿಂಗಾಗಿ ರಿಂಗಾಗಿ ನಿಂತಿತು, ಇವತ್ತು ಹಬ್ಬದ ಮಾರನೆಯ ದಿನ, ತೋಟದವರು ಬಂದಿರಲಾರರು, ಆಳುಗಳು ಊರಿಗೆ ಹೋಗಿರುತ್ತಾರೆ, ಜೀಪು ಕೆಟ್ಟಿರಬಹುದು, ಬಂದರೂ ಅವನು ಹೊರಗೆ ಜೀಪಿನಲ್ಲೇ ಕೂತಿರಬಹುದು, ಒಳಗೆ ಬಂದರೂ ತಲೆಯೆತ್ತದೆ ಫೋನು ನೋಡುತ್ತಿರಬಹುದು, ಈ ಕಾಲದಲ್ಲಿ ಗೋಡೆ ಯಾರು ನೋಡುತ್ತಾರೆ — ಯಾರು ನೋಡುತ್ತಾರೆ, ಮತ್ತೆ ಅದೇ ಮಾತು, ನಾಲಗೆ ಕಚ್ಚಿಕೊಂಡ, ಹಚ್ಚಿದ.

ಹತ್ತು ಐವತ್ತಕ್ಕೆ ಮೇಧಿನಿ ಎತ್ತಿದಳು, ಸಾರ್, ಸಾರಿ ಸಾರ್, ಲೈನ್ ಹೋಗ್ಬಿಟ್ಟು ಜನ ನನ್ನ ತಿಂದಾಕ್ತಿದಾರೆ, ಟೋಕನ್ ಎಲ್ಲಾ ಬಾಯಲ್ಲೇ ಕೂಗ್ತಿದೀನಿ, ಗಂಟಲೇ ಹೋಯ್ತು. ಗೋಡೇಲಿರೋ ಪರದೆ ಆಫ್ ಮಾಡಮ್ಮ, ಮೊದಲು ಅದನ್ನ ಆಫ್ ಮಾಡು. ಮಾಡ್ದೆ ಸಾರ್, ಯಾಕ್ ಸಾರ್, ಚೆನ್ನಾಗಿತ್ತು, ಎಲ್ರೂ ಆ ಕೈ ನೋಡೇ ನಗ್ತಿದ್ರು, ಒಬ್ರಂತೂ ಹತ್ರ ಹೋಗಿ ನಿಂತ್ಕೊಂಡ್ಬಿಟ್ಟಿದ್ರು. ಯಾರು. ಅದೇ ಸಾರ್, ತೋಟದ ರೈಟರು, ಪಾಪ ತುಂಬಾ ಮರ್ಯಾದಸ್ತರು, ಇದು ಯಾರ ಕೈ ಅಂದ್ರು, ಗೊತ್ತಿಲ್ಲ ಸಾರ್ ಅಂದೆ, ಅರಸೀಕೆರೆಯದ್ದಾ ಅಂದ್ರು, ಹಿಂದೆ ಬೋರ್ಡ್ ಕಾಣುತ್ತಲ್ಲ ಸಾರ್ ಅಂದೆ, ಒಂದ್ ಫೋಟೋ ತಕ್ಕೋಬೋದಾ ಅಂದ್ರು, ತಕ್ಕೊಳ್ಳಿ, ಅದಕ್ಕೇನ್ ಸಾರ್ ಅಂದೆ, ತಪ್ಪಾಯ್ತಾ. ಇಲ್ಲಮ್ಮ, ಅವರು ಎಲ್ಲಿದಾರೆ ಈಗ. ಆಳುಗಳನ್ನ ಇಲ್ಲೇ ಬಿಟ್ಟು ಹೋದ್ರು ಸಾರ್, ಹತ್ತು ಗಂಟೆಗೇ, ಯಾವಾಗ್ಲೂ ಸಹಿ ಹಾಕೋರು, ಇವತ್ತು ಹಾಕ್ಲೂ ಇಲ್ಲ. ಹತ್ತು ಗಂಟೆಗೆ ಹೊರಟರೆ ಐವತ್ತು ನಿಮಿಷ, ಬೇಲೂರು ಬಿಟ್ಟು, ಹಳೇಬೀಡು ಬಿಟ್ಟು, ಜಾವಗಲ್ಲು ಬಂದಿರಬೇಕು, ಜೀಪಿಗೆ ಇನ್ನರ್ಧ ಗಂಟೆ, ಲ್ಯಾಬು ಮೂರೇ ಬಾಗಿಲಿನಾಚೆ, ಪ್ರತಿಮಾ ಒಬ್ಬ ಅಜ್ಜಿಯ ತೋಳಿಗೆ ಹತ್ತಿ ಒತ್ತಿ ಹಿಡಿದಿದ್ದಾಳೆ, ಪಕ್ಕದಲ್ಲಿ ಅನುಸೂಯಮ್ಮ, ಅವನು ಬಾಗಿಲಲ್ಲಿ ನಿಂತ, ಅವನ ಮುಖವನ್ನು ಓದಲು ಅವಳಿಗೆ ಎರಡು ಗಳಿಗೆಯೂ ಬೇಕಾಗಲಿಲ್ಲ, ಎಷ್ಟೊತ್ತಾಯ್ತು ಸರ್ ಹೊರಟು. ಐವತ್ತು ನಿಮಿಷ. ಪೊಲೀಸರಿಗೆ ಹೇಳೋಣ ಪ್ರತಿಮಾ, ನಾನು ಬರ್ತೀನಿ, ಷಡಕ್ಷರಪ್ಪನವರಿಗೂ ಹೇಳ್ತೀನಿ. ಹೇಳಿದ್ದೆ ಸರ್ ಒಂದ್ಸಲ, ಗಂಡ ಹೆಂಡ್ತಿ ಜಗಳ ಅಂತ ಅವನ ಜೊತೇನೇ ಕಳ್ಸಿಕೊಟ್ರು, ಜೀಪಲ್ಲಿ. ಕೋಟು ಬಿಚ್ಚಿದಳು, ಮಡಿಸಿದಳು, ಕುರ್ಚಿಯ ಬೆನ್ನಿಗೆ ಹಾಕಿದಳು, ಅಜ್ಜೀ, ಹತ್ತಿ ಐದು ನಿಮಿಷ ಹಂಗೇ ಹಿಡ್ಕೊಂಡಿರಿ ಎಂದಳು, ಅವನನ್ನು ಬೈಯಲಿಲ್ಲ, ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಬೈದವರು ಅನುಸೂಯಮ್ಮ, ಅದೂ ಮೆತ್ತಗೆ, ಅವಳು ಬರಲ್ಲ ಅಂದ್ಳು, ನಾನೂ ಕರ್ದೆ, ನೀವೂ ಕರೆದ್ರಿ, ನಾನು ಹೆಗಲಾದ್ರೂ ಕೊಟ್ಟೆ, ನೀವೇನ್ ಕೊಟ್ರಿ ಚಿದಂಬರಪ್ಪಾ, ಎಂದು ಅವಳ ಕೈಚೀಲ ಎತ್ತಿಕೊಂಡರು, ನಡಿಯೇ, ಬೀರೂರಲ್ಲಿ ನನ್ ತಂಗಿ ಅವ್ಳೆ, ಹಿಂದಿನ್ ಗೇಟಿಂದ ಹೋದ್ರೆ ರೈಲು ಸಿಕ್ತೈತೆ, ಇಬ್ಬರೂ ಹೋದರು, ಎರಡು ವರ್ಷ ಅವಳು ಕಟ್ಟಿಕೊಂಡ ಕೆಲಸ, ಬಾಡಿಗೆ ಕೋಣೆ, ಸಂಜೆ ನಿಶ್ಚಿಂತೆಯಿಂದ ತರಕಾರಿ ಆರಿಸುವ ಬೀದಿ, ಎಲ್ಲ ಒಂದು ಕೈಚೀಲದಷ್ಟಾಗಿ ಹಿಂಬಾಗಿಲಿನಿಂದ ಹೋಯಿತು. ಅವನು ತನ್ನ ಕೋಣೆಗೆ ಬಂದು ಕೂತ, ಎದುರಿಗೆ ನೀಲಿ, ಬೇಲೂರೊಂದನ್ನು ಬಿಟ್ಟು ಎಲ್ಲೆಲ್ಲೂ ನೀಲಿ, ಬೇಲೂರಿನ ಗೋಡೆಯೂ ಈಗ ಕಪ್ಪು, ಅವನ ಆಜ್ಞೆ ತಲುಪಲಾರದ ಪರದೆ ಇನ್ನೊಂದೇ, ಅಂಗೈಯಗಲದ್ದು, ಜಾವಗಲ್ಲಿನ ಆಚೆಗೋ ಈಚೆಗೋ ಜೀಪಿನ ಸ್ಟಿಯರಿಂಗ್ ಹಿಂದೆ ಒಬ್ಬನ ತೊಡೆಯ ಮೇಲೆ ಬೆಳಗುತ್ತಿದೆ, ರೈಲ್ವೆ ಗೇಟು ಹಾಕಿದ್ದಾರೆ, ಜೀಪು ನಿಂತಿದೆ, ಗಾಜಿನ ಮೇಲೆ ಎರಡು ಬೆರಳು ಕೂಡುತ್ತವೆ, ಅಗಲುತ್ತವೆ, ಅಗಲಿದಷ್ಟೂ ಚಿತ್ರ ಹಿಗ್ಗುತ್ತದೆ, ಷಡಕ್ಷರಪ್ಪನವರು ಅಂಚಿನಾಚೆ ಹೋದರು, ಬೋರ್ಡು ಹೋಯಿತು, ಅನುಸೂಯಮ್ಮನ ಮುಖ ಹೋಯಿತು, ಹೆಗಲು, ಕೈ, ಹೊರಕ್ಕೆ ತಿರುಗಿದ ಕಿರುಬೆರಳು, ಬೆರಳುಗಳು ಮತ್ತೆ ಕೂಡುತ್ತವೆ, ಅಗಲುತ್ತವೆ, ಇನ್ನೂ ದೊಡ್ಡದು, ಆ ಕಿರುಬೆರಳು, ಗಾಜಿನ ತುಂಬ ಆ ಕಿರುಬೆರಳು, ಕಿರುಬೆರಳು —